ಮಕ್ಕಳನ್ನು 1348ಕ್ಕೆ ಕಳಿಸಿದ್ದೇನೆ, ಇತಿಹಾಸ ತಪ್ಪಾದರೆ ಏನು ಗತಿ?

ಪ್ರಶ್ನೆ: ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಹನ್ನೊಂದು ವರ್ಷದ ಅಕ್ಕ, ಎಂಟು ವರ್ಷದ ತಮ್ಮ ಒಂದು ಪಾಳುಬಾವಿಗೆ ಇಳಿದು 1348ರ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಏಳುತ್ತಾರೆ. ಹತ್ತಿರದಲ್ಲೇ ಕೋಟೆ. ಹತ್ತು ಅಧ್ಯಾಯ ಆಗಿದೆ. ಓದಿದ ಮೂವರು ಮೂರು ಥರ ಹೇಳಿದರು. ಇತಿಹಾಸ ಓದಿದ ಗೆಳತಿ 'ತಪ್ಪು ಬಹಳ ಇದೆ' ಅಂದಳು. ನನ್ನ ಮಗ 'ಅಮ್ಮಾ, ಪಾಠ ಜಾಸ್ತಿ ಆಯ್ತು' ಅಂದ. ಇನ್ನೊಬ್ಬರು 'ಮಕ್ಕಳ ಪುಸ್ತಕದಲ್ಲಿ ಪ್ಲೇಗ್ ಯಾಕೆ, ಹೆದರುತ್ತಾರೆ' ಅಂದರು. ನಾನು ಇತಿಹಾಸ ಓದಿದವಳಲ್ಲ. ಎಷ್ಟು ಸರಿ ಇದ್ದರೆ ಸಾಕು? ಆ ಕಾಲದವರು ಯಾವ ಭಾಷೆ ಆಡಬೇಕು? ಮಕ್ಕಳು ಹಿಂದಿನದನ್ನು ಬದಲಾಯಿಸಬಹುದಾ? ಇಲ್ಲಿಗೇ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ನೀವು ಕಳಿಸಿದ ಹತ್ತೂ ಅಧ್ಯಾಯ ಓದಿದೆ. ಬಾವಿಯಿಂದ ಮೇಲೆ ಬಂದ ತಕ್ಷಣ ತಮ್ಮ 'ಅಕ್ಕ, ಶಬ್ದವೇ ಇಲ್ಲ' ಅನ್ನುತ್ತಾನಲ್ಲ, ಆ ಒಂದು ಸಾಲು ಬರೆಯಬಲ್ಲವರು ಈ ಕೆಲಸ ಮುಗಿಸಬಲ್ಲರು. ಎಂಜಿನ್ ಇಲ್ಲ, ಫ್ಯಾನ್ ಇಲ್ಲ, ಎಲ್ಲೂ ಗುಂಯ್ ಅನ್ನುವ ಸದ್ದಿಲ್ಲ. ಅದನ್ನು ಯಾವ ಪುಸ್ತಕದಿಂದಲೂ ತೆಗೆದಿದ್ದಲ್ಲ, ನೀವೇ ಕೂತು ಯೋಚಿಸಿದ್ದು.

ನಾನು ಬಹಳ ವರ್ಷಗಳಿಂದ ಮಕ್ಕಳ ಪುಸ್ತಕ ತಿದ್ದುವ ಕೆಲಸದಲ್ಲಿದ್ದೇನೆ. ನಿಮ್ಮ ನಾಲ್ಕು ಪ್ರಶ್ನೆಗಳ ಹಿಂದೆ ಇರುವುದು ಒಂದೇ ಭಯ ಅಂತ ನನಗೆ ಅನ್ನಿಸುತ್ತದೆ. ಗೊತ್ತಿರುವವರು ಯಾರೋ ಬಂದು ನಗುತ್ತಾರೆ ಅನ್ನುವ ಭಯ. ಅದಕ್ಕೇ ನೀವು ಸಿಕ್ಕಿದ್ದನ್ನೆಲ್ಲ ತುಂಬಿದ್ದೀರಿ, ಅದಕ್ಕೇ ನಿಮ್ಮ ಮಗನಿಗೆ ಪಾಠ ಅನ್ನಿಸಿದೆ. ಅಂದರೆ ಗೆಳತಿ ಹೇಳಿದ್ದೂ ಮಗ ಹೇಳಿದ್ದೂ ಒಂದೇ ಕಾಯಿಲೆಯ ಎರಡು ಲಕ್ಷಣ.

ಮೊದಲು ತಪ್ಪುಗಳನ್ನು ಮುಗಿಸಿಬಿಡೋಣ, ಅದು ಸುಲಭದ ಭಾಗ. ಮೂರನೇ ಅಧ್ಯಾಯದಲ್ಲಿ ಹಳ್ಳಿಯ ಹೆಂಗಸು ಮಕ್ಕಳಿಗೆ ಬೇಯಿಸಿದ ಆಲೂಗಡ್ಡೆ ಕೊಡುತ್ತಾಳೆ. ಆಲೂಗಡ್ಡೆ, ಟೊಮೆಟೊ, ಮೆಕ್ಕೆಜೋಳ ಎಲ್ಲ ಅಮೆರಿಕದಿಂದ ಬಂದಿದ್ದು. 1492ಕ್ಕೆ ಮುಂಚೆ ಯುರೋಪಿನಲ್ಲಿ ಅವುಗಳ ಹೆಸರೂ ಗೊತ್ತಿರಲಿಲ್ಲ. ನಾಚಿಕೆ ಪಡಬೇಡಿ, ನಾನೇ ಒಂದು ಹಸ್ತಪ್ರತಿಯಲ್ಲಿ ಇದೇ ಆಲೂಗಡ್ಡೆಯನ್ನು ನೋಡಿಯೂ ನೋಡದೆ ಬಿಟ್ಟಿದ್ದೆ. ಪುಸ್ತಕ ಅಚ್ಚಾದ ಮೇಲೆ ಒಂಬತ್ತು ವರ್ಷದ ಓದುಗಳೊಬ್ಬಳು ಪುಟದ ಸಂಖ್ಯೆ ಸಮೇತ ಕಾಗದ ಬರೆದಳು. ಆ ಹೆಂಗಸಿನ ಕೈಗೆ ಬಟಾಣಿ, ಬಾರ್ಲಿ, ಈರುಳ್ಳಿ ಹಾಕಿ ಕುದಿಸಿದ ಗಟ್ಟಿ ಗಂಜಿ ಕೊಡಿ. ಚಮಚ, ಚಾಕು ಇರಲಿ. ಫೋರ್ಕ್ ಬೇಡ.

ಭೂಮಿ ಚಪ್ಪಟೆ ಅಂತ ನಂಬಿರುವ ಪಾದ್ರಿಗೆ ನಿಮ್ಮ ಅಕ್ಕ ಗೋಳದ ಪಾಠ ಹೇಳುವ ದೃಶ್ಯ ಪೂರ್ತಿ ತೆಗೆಯಿರಿ. ಓದುಬರಹ ಬಲ್ಲವರಿಗೆ ಭೂಮಿ ದುಂಡಗಿದೆ ಅಂತ ಆಗಲೇ ಗೊತ್ತಿತ್ತು. ಇಂಗ್ಲೆಂಡಿನ ಸನ್ಯಾಸಿ ಬೀಡ್ 8ನೇ ಶತಮಾನದಲ್ಲೇ ಭೂಮಿ ಚೆಂಡಿನ ಹಾಗೆ ಅಂತ ಬರೆದಿದ್ದ. 13ನೇ ಶತಮಾನದಿಂದ ವಿಶ್ವವಿದ್ಯಾಲಯಗಳಲ್ಲಿ ಗೋಳದ ಬಗ್ಗೆಯೇ ಒಂದು ಪಠ್ಯಪುಸ್ತಕ ಇತ್ತು. ಕೊಲಂಬಸ್‌ಗೆ ಮುಂಚೆ ಎಲ್ಲರೂ ಚಪ್ಪಟೆ ಅಂತಿದ್ದರು ಅನ್ನುವ ಕಥೆ ಜೋರಾಗಿ ಹಬ್ಬಿದ್ದು 19ನೇ ಶತಮಾನದಲ್ಲಿ.

ಉಳಿದವನ್ನು ಬೇಗ ಹೇಳುತ್ತೇನೆ. ಯೋಧನನ್ನು ಕುದುರೆ ಮೇಲೆ ಕೂರಿಸಲು ರಾಟೆ ಬೇಕಿರಲಿಲ್ಲ. ಯುದ್ಧದ ಕವಚ ಸುಮಾರು 20-25 ಕಿಲೋ ತೂಗಬಹುದು, ಭಾರ ಮೈಗೆಲ್ಲ ಹಂಚಿರುವುದರಿಂದ ತೊಟ್ಟವನು ಓಡಬಲ್ಲ. ಕೊಕ್ಕಿನ ಮುಖವಾಡದ ಪ್ಲೇಗ್ ವೈದ್ಯ 17ನೇ ಶತಮಾನದವನು, ನಿಮ್ಮ ಕಥೆಗೆ ಮುನ್ನೂರು ವರ್ಷ ಮುಂಚೆ ಬಂದುಬಿಟ್ಟಿದ್ದಾನೆ. ಮೂವತ್ತೈದರ ಆಳನ್ನು ಹಣ್ಣುಹಣ್ಣು ಮುದುಕ ಅಂದಿದ್ದೀರಿ. ಸರಾಸರಿ ಆಯಸ್ಸು ಕಡಿಮೆ ಇತ್ತು ನಿಜ, ಆದರೆ ಅದು ಚಿಕ್ಕ ಮಕ್ಕಳು ಬಹಳ ಸಾಯುತ್ತಿದ್ದುದರಿಂದ. ಇಪ್ಪತ್ತು ದಾಟಿದವರು ಐವತ್ತು, ಅರವತ್ತು ಕಾಣುವುದು ಅಪರೂಪವೇನಲ್ಲ. ಇನ್ನು, ರೊಟ್ಟಿಗೆ ಚಿನ್ನದ ನಾಣ್ಯ ಕೊಡುತ್ತಾರಲ್ಲ ನಿಮ್ಮ ಮಕ್ಕಳು? ಇಂಗ್ಲೆಂಡಿನಲ್ಲಿ ನೋಬಲ್ ಅನ್ನುವ ಚಿನ್ನದ ನಾಣ್ಯ ಶುರುವಾಗಿದ್ದು 1344ರಲ್ಲಿ, ಅದರ ಬೆಲೆ 80 ಪೆನ್ನಿ. ಹುಲ್ಲು ಒಣಗಿಸುವವರಿಗೆ ದಿನಕ್ಕೆ ಒಂದು ಪೆನ್ನಿಗಿಂತ ಜಾಸ್ತಿ ಕೊಡಬಾರದು ಅಂತ 1351ರಲ್ಲಿ ಕಾನೂನೇ ಮಾಡಿದರು. ಲೆಕ್ಕ ಹಾಕಿ. ಎಂಬತ್ತು ದಿನದ ಕೂಲಿ ಎಣಿಸಿ ಒಂದು ರೊಟ್ಟಿ ತಗೊಂಡಿದ್ದಾರೆ ಮಕ್ಕಳು. ಅದಕ್ಕಿಂತ ದೊಡ್ಡ ತೊಂದರೆ, ಹಳ್ಳಿಯಲ್ಲಿ ಯಾರ ಹತ್ತಿರವೂ ಅದಕ್ಕೆ ಚಿಲ್ಲರೆ ಇರುವುದಿಲ್ಲ. ಇಬ್ಬರು ಅಪರಿಚಿತ ಮಕ್ಕಳ ಕೈಯಲ್ಲಿ ಚಿನ್ನ ಅಂದರೆ ಕದ್ದಿದ್ದೇ ಅಂತ ಊರೆಲ್ಲ ಸೇರಿಬಿಡುತ್ತದೆ. ಹಾಗಾಗಿ ಈ ತಪ್ಪನ್ನು ತಿದ್ದಬೇಡಿ, ಬೆಳೆಸಿ. ಅಲ್ಲೊಂದು ಒಳ್ಳೆಯ ಅಧ್ಯಾಯ ಇದೆ.

ಈ ತಪ್ಪುಗಳು ಬರುವುದು ಯಾಕೆ ಅಂದರೆ, ನಾವು ಮಧ್ಯಯುಗವನ್ನು ಮಧ್ಯಯುಗದಿಂದ ತಗೊಳ್ಳುವುದಿಲ್ಲ, ಬೇರೆ ಕಥೆಪುಸ್ತಕ, ಸಿನಿಮಾ, ಆಟಗಳಿಂದ ತಗೊಳ್ಳುತ್ತೇವೆ. ಅವರೂ ಹಾಗೇ ತಗೊಂಡಿರುತ್ತಾರೆ. ಜೊತೆಗೆ 'ಮಧ್ಯಯುಗ' ಅನ್ನುವುದು ಸುಮಾರು 500ರಿಂದ 1500ರವರೆಗಿನ ಸಾವಿರ ವರ್ಷ. ಅಷ್ಟನ್ನೂ ಒಂದೇ ಚೀಲಕ್ಕೆ ಹಾಕಿ ಅಲ್ಲಾಡಿಸಿದರೆ ಏನು ಬೇಕಾದರೂ ಉದುರುತ್ತದೆ. ನೀವು 1348 ಅಂತ ವರ್ಷ ಹಿಡಿದಿದ್ದೀರಿ, ಒಳ್ಳೆಯದು. 'ಇಂಗ್ಲೆಂಡಿನ ಒಂದು ಹಳ್ಳಿ' ಅಂದರೆ ಮಾತ್ರ ಸಾಲದು. ಯಾವ ಕಡೆಯ ಹಳ್ಳಿ, ಯಾವ ತಿಂಗಳು? ಪ್ಲೇಗ್ ಆ ವರ್ಷ ಬೇಸಿಗೆಯಲ್ಲಿ ಹಡಗಿನಲ್ಲಿ ದಕ್ಷಿಣದ ಡಾರ್ಸೆಟ್ ಕರಾವಳಿಗೆ ಬಂತು. ಲಂಡನ್ ಮುಟ್ಟಿದ್ದು ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ, ಉತ್ತರದ ಕಡೆಗೆ ಹೋಗಿದ್ದು 1349ರಲ್ಲಿ. ನಿಮ್ಮ ಹಳ್ಳಿ ಎಲ್ಲಿದೆ ಅನ್ನುವುದರ ಮೇಲೆ ಕಥೆಯೇ ಬದಲಾಗುತ್ತದೆ. ಇದಕ್ಕೆ ಆಮೇಲೆ ಬರುತ್ತೇನೆ.

ಈಗ ನಿಮ್ಮ ಮಗನ ಮಾತು. ಅವನು ನಿಮ್ಮ ಮೂವರು ಓದುಗರಲ್ಲಿ ಅತಿ ಬುದ್ಧಿವಂತ. ಐದನೇ ಅಧ್ಯಾಯದಲ್ಲಿ ಕೋಟೆಗೆ ಎಷ್ಟು ಗೋಪುರ, ಗೋಡೆ ಎಷ್ಟು ದಪ್ಪ, ಕಂದಕ ಎಷ್ಟು ಆಳ ಅಂತ ಒಂದೂವರೆ ಪುಟ ಇದೆ. ಆ ಒಂದೂವರೆ ಪುಟದಲ್ಲಿ ಮಕ್ಕಳು ಏನು ಮಾಡುತ್ತಿದ್ದಾರೆ? ನಿಂತಿದ್ದಾರೆ. ಸುಮ್ನೆ ನಿಂತಿದ್ದಾರೆ. ನಾನು ತಿದ್ದುವಾಗ ಪ್ರತಿ ವಿವರಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಮಕ್ಕಳ ದಾರಿಗೆ ಅಡ್ಡ ಬರುತ್ತದಾ? ಬಂದರೆ ಇರಲಿ, ಎಷ್ಟು ಬೇಕಾದರೂ ಇರಲಿ. ಬರದಿದ್ದರೆ ಅದು ಎಷ್ಟೇ ನಿಜವಾಗಿದ್ದರೂ ಹೊರಗೆ.

ಉದಾಹರಣೆಗೆ, 1285ರಲ್ಲಿ ವಿಂಚೆಸ್ಟರ್ ಶಾಸನ ಅಂತ ಒಂದು ಬಂತು. ಕೋಟೆಗೋಡೆ ಇರುವ ಊರುಗಳ ಬಾಗಿಲನ್ನು ಸೂರ್ಯ ಮುಳುಗಿದಾಗಿಂದ ಹುಟ್ಟುವವರೆಗೆ ಮುಚ್ಚಬೇಕು, ರಾತ್ರಿ ಅಪರಿಚಿತರು ಓಡಾಡಿದರೆ ಬೆಳಗಾಗುವವರೆಗೆ ಹಿಡಿದಿಡಬೇಕು. ಬಹಳಷ್ಟು ಹಳ್ಳಿಗಳಲ್ಲಿ ಇನ್ನೊಂದು ಕಟ್ಟುಪಾಡು ಇತ್ತು. ಹನ್ನೆರಡು ವರ್ಷ ತುಂಬಿದ ಹುಡುಗ ಹತ್ತು ಜನರ ಗುಂಪೊಂದಕ್ಕೆ ಸೇರಿ ಪ್ರಮಾಣ ಮಾಡಬೇಕು. ಗುಂಪಿನಲ್ಲಿ ಒಬ್ಬ ತಪ್ಪು ಮಾಡಿದರೆ ಉಳಿದವರೇ ಅವನನ್ನು ಹಿಡಿದು ತಂದು ನಿಲ್ಲಿಸಬೇಕು, ಇಲ್ಲದಿದ್ದರೆ ಎಲ್ಲರಿಗೂ ದಂಡ. ಕಳ್ಳತನ ಕಂಡವರು ಕೂಗು ಹಾಕಬೇಕು, ಕೂಗು ಕೇಳಿದವರು ಬೆನ್ನಟ್ಟಬೇಕು. ನಿಮ್ಮ ಕಥೆಯಲ್ಲಿ ಮಕ್ಕಳಿಗೆ ಸಿಗುವ ಹಳ್ಳಿಯ ಗೆಳೆಯ ಎಷ್ಟು ವರ್ಷದವನು ಅಂತ ನೀವು ಹೇಳೇ ಇಲ್ಲ. ಅವನನ್ನು ಹನ್ನೆರಡು ಮಾಡಿ, ಹೋದ ವಾರ ತಾನೇ ಪ್ರಮಾಣ ಮಾಡಿದವನನ್ನಾಗಿ ಮಾಡಿ. ಈಗ ಅವನು ಇವರಿಬ್ಬರನ್ನು ಹುಲ್ಲಿನ ಬಣವೆ ಹಿಂದೆ ಬಚ್ಚಿಡುವುದಕ್ಕೂ, ಹನ್ನೊಂದರ ಹುಡುಗ ಬಚ್ಚಿಡುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ನೀವು ಕಾನೂನಿನ ಬಗ್ಗೆ ಒಂದು ವಾಕ್ಯವನ್ನೂ ವಿವರಿಸಬೇಕಾಗಿಲ್ಲ, ಅವನ ಮುಖವೇ ಹೇಳುತ್ತದೆ.

ಇನ್ನೊಂದು, ನಿಮ್ಮ ಅಕ್ಕ ಎಲ್ಲರಿಗಿಂತ ಬುದ್ಧಿವಂತೆ ಆಗಿಬಿಟ್ಟಿದ್ದಾಳೆ. ಹೊಸಬರೆಲ್ಲ ಬೀಳುವ ಹಳ್ಳ ಇದು. ಟಾರ್ಚ್ ತೋರಿಸಿದ ತಕ್ಷಣ ಹಳ್ಳಿಯವರು ಕಾಲಿಗೆ ಬೀಳುತ್ತಾರೆ, ಇಲ್ಲವೇ ಮಾಟಗಾತಿ ಅಂತ ಸುಡಲು ಬರುತ್ತಾರೆ. ಮಾಟಗಾತಿಯರ ಬೇಟೆ ಜೋರಾಗಿದ್ದು ಮುಂದೆ 15ರಿಂದ 17ನೇ ಶತಮಾನದಲ್ಲಿ, ಇಂಗ್ಲೆಂಡಿನಲ್ಲಂತೂ ಮಾಟದ ತಪ್ಪಿಗೆ ಸಾಮಾನ್ಯವಾಗಿ ಗಲ್ಲು ಹಾಕುತ್ತಿದ್ದರು, ಸುಡುತ್ತಿರಲಿಲ್ಲ. ಅದು ಹೋಗಲಿ. ಆ ಜನ ದಡ್ಡರಲ್ಲ. ಲೆಕ್ಕದ ದೃಶ್ಯವನ್ನೇ ತಗೊಳ್ಳಿ. ಅಕ್ಕ ಕಡ್ಡಿಯಿಂದ ಮಣ್ಣಿನಲ್ಲಿ 48 ಅಂತ ಬರೆಯುತ್ತಾಳೆ, ಎಲ್ಲರೂ ಬೆರಗಾಗುತ್ತಾರೆ. ನಿಜವಾಗಿ ಏನಾಗುತ್ತದೆ? ಹಳ್ಳಿಯ ಮೇಲ್ವಿಚಾರಕನಿಗೆ ಆ ಅಂಕಿಗಳು ಗೊತ್ತಿಲ್ಲ, ಅವು ವಿದ್ವಾಂಸರ ಹತ್ತಿರ ಇದ್ದವು, ಊರಿನ ಲೆಕ್ಕಕ್ಕೆ ಬಂದಿರಲಿಲ್ಲ. ಅವನು ಒಂದು ಕೋಲು ತೆಗೆಯುತ್ತಾನೆ. ಚಾಕುವಿನಿಂದ ಅಡ್ಡ ಗೀರು ಹಾಕುತ್ತಾನೆ, ದೊಡ್ಡ ಗೀರು, ಸಣ್ಣ ಗೀರು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳುತ್ತಾನೆ. ಅರ್ಧ ಕೊಟ್ಟವನಿಗೆ, ಅರ್ಧ ತಗೊಂಡವನಿಗೆ. ಯಾರಾದರೂ ಆಮೇಲೆ ಒಂದು ಗೀರು ಜಾಸ್ತಿ ಹಾಕಿದರೆ ಎರಡು ಅರ್ಧ ಜೋಡಿಸಿದಾಗ ಸಿಕ್ಕಿಬೀಳುತ್ತಾನೆ. ನಿಮ್ಮ ಅಕ್ಕ ಮಣ್ಣಿನಲ್ಲಿ ಬರೆದದ್ದನ್ನು ಒಂದು ಕೋಳಿ ಅಳಿಸಬಹುದು. ಈ ಸಲ ಬೆರಗಾಗುವ ಸರದಿ ಅವಳದಾಗಲಿ. ಅಲ್ಲಿಂದ ಅವಳು ಇಷ್ಟವಾಗಲು ಶುರುವಾಗುತ್ತಾಳೆ.

ಹಾಗಾದರೆ ಬೇರೆ ಕಾಲದಿಂದ ಬಂದ ಮಕ್ಕಳನ್ನು ಹಳ್ಳಿಯವರು ಹೇಗೆ ನೋಡುತ್ತಿದ್ದರು? ಇದಕ್ಕೆ ಊಹೆಯೇ ಬೇಡ, ಹೆಚ್ಚುಕಡಿಮೆ ಒಂದು ದಾಖಲೆಯೇ ಇದೆ. 12ನೇ ಶತಮಾನದಲ್ಲಿ ಸಫೋಕ್ ಕಡೆಯ ವುಲ್‌ಪಿಟ್ ಅನ್ನುವ ಹಳ್ಳಿಯಲ್ಲಿ ಸುಗ್ಗಿಯ ಹೊತ್ತಿಗೆ ತೋಳ ಹಿಡಿಯುವ ಗುಂಡಿಗಳ ಹತ್ತಿರ ಇಬ್ಬರು ಮಕ್ಕಳು ಸಿಕ್ಕರು, ಒಬ್ಬ ಹುಡುಗ, ಒಬ್ಬ ಹುಡುಗಿ, ಒಡಹುಟ್ಟಿದವರು. ಮೈ ಹಸಿರು, ಮಾತು ಯಾರಿಗೂ ತಿಳಿಯದು. ನ್ಯೂಬರ್ಗ್‌ನ ವಿಲಿಯಂ, ಕಾಗೆಷಾಲ್‌ನ ರಾಲ್ಫ್ ಅನ್ನುವ ಇಬ್ಬರು ಬೇರೆಬೇರೆಯಾಗಿ ಇದನ್ನು ಬರೆದಿಟ್ಟಿದ್ದಾರೆ. ನಿಜವೋ ಕಟ್ಟುಕಥೆಯೋ ಅನ್ನುವುದು ನಮಗೆ ಇಲ್ಲಿ ಮುಖ್ಯವಲ್ಲ, ಜನ ಹೇಗೆ ನಡೆದುಕೊಂಡರು ಅಂತ ಬರೆದವರು ಹೇಳುವುದು ಮುಖ್ಯ. ಸುಡಲಿಲ್ಲ, ಕಾಲಿಗೂ ಬೀಳಲಿಲ್ಲ. ರೊಟ್ಟಿ ಕೊಟ್ಟರು. ಮಕ್ಕಳು ಮುಟ್ಟಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಯಾರೋ ಹೊಲದಿಂದ ಅವರೆ ಜಾತಿಯ ಕಾಳಿನ ಗಿಡ ಕಿತ್ತು ತಂದರು. ಮಕ್ಕಳು ಆಸೆಯಿಂದ ಕಸಿದುಕೊಂಡು ಕಾಯಿ ಬಿಡಿಸುವ ಬದಲು ದಂಟು ಸೀಳಿ ನೋಡಿದರು. ಒಳಗೆ ಕಾಳಿಲ್ಲ. ಅತ್ತರು. ಆಗ ಪಕ್ಕದಲ್ಲಿದ್ದವರು ಕಾಯಿ ಬಿಡಿಸಿ ತೋರಿಸಿಕೊಟ್ಟರು. ಎಂಟುನೂರು ವರ್ಷ ಹಿಂದೆ ಬರೆದ ಈ ನಾಲ್ಕು ಸಾಲಿನ ಮುಂದೆ ನಾನು ಓದಿದ ಎಷ್ಟೋ ಕಾಲಪ್ರಯಾಣದ ಹಸ್ತಪ್ರತಿಗಳು ಸಪ್ಪೆ. ಹುಡುಗ ಸ್ವಲ್ಪ ದಿನಕ್ಕೆ ತೀರಿಕೊಂಡ, ಹುಡುಗಿ ಮಾತು ಕಲಿತು ಅಲ್ಲೇ ಉಳಿದಳು ಅಂತ ಇದೆ.

ಭಾಷೆಯ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಇವತ್ತಿನ ಇಂಗ್ಲಿಷ್ ಚೆನ್ನಾಗಿ ಬರುವ ಮಗುವಿಗೂ 1348ರ ಹಳ್ಳಿಯ ಮಾತು ಅರ್ಥವಾಗುವುದು ಕಷ್ಟ. ಆ ಶತಮಾನದ ದೊಡ್ಡ ಇಂಗ್ಲಿಷ್ ಕವಿ ಚಾಸರ್ ಆಗ ಇನ್ನೂ ಚಿಕ್ಕ ಮಗು. 'ನೈಟ್' ಅನ್ನುವ ಪದವನ್ನು ಸುಮಾರಾಗಿ 'ಕ್ನಿಖ್ಟ್' ಅನ್ನುತ್ತಿದ್ದರು. ಕೋಟೆಯೊಳಗೆ ಫ್ರೆಂಚ್, ಚರ್ಚಿನಲ್ಲಿ ಲ್ಯಾಟಿನ್. ನಿಮ್ಮ ಮುಂದೆ ಮೂರು ದಾರಿ ಇದೆ. ಬಾವಿಯ ಮಾಯೆಯಿಂದ ಎಲ್ಲ ಅರ್ಥವಾಗುತ್ತದೆ ಅನ್ನಬಹುದು. ಅದೇನು ಮೋಸವಲ್ಲ, ಮಕ್ಕಳು ಒಪ್ಪುತ್ತಾರೆ, ಆದರೆ ಒಂದು ಒಳ್ಳೆಯ ಅಡ್ಡಿಯನ್ನು ನೀವೇ ಬಿಟ್ಟುಕೊಟ್ಟ ಹಾಗೆ. ಇಲ್ಲ, ಪೌರಾಣಿಕ ನಾಟಕದ ಮಾತು ಹಾಕಬಹುದು, ಈಗ ನೀವು ಮಾಡಿರುವುದು ಅದೇ: 'ಎಲೈ ಬಾಲಕನೇ, ನೀನಾರು? ಎತ್ತಣಿಂದ ಬಂದೆ?' ಓದುವ ಮಕ್ಕಳು ನಗುತ್ತಾರೆ, ನಗಬೇಕಾದ ಕಡೆ ಅಲ್ಲ. ಹಳ್ಳಿಯವರು ತಲೆಗೆ ಕಿರೀಟ ಇಟ್ಟುಕೊಂಡು ಹೊಲ ಉಳುತ್ತಿರುವ ಹಾಗೆ ಕಾಣುತ್ತದೆ. ಮೂರನೆಯದು ನನಗೆ ಇಷ್ಟ. ಮೊದಲ ಎರಡು ಅಧ್ಯಾಯ ಏನೂ ಅರ್ಥವಾಗದೆ ಇರಲಿ, ಬರೀ ಸನ್ನೆ, ದನಿಯ ಏರಿಳಿತ. ಆಮೇಲೆ ಒಂದೊಂದೇ ಪದ ಹಿಡಿಯಲಿ, ಆಮೇಲೆ ಓದುಗರಿಗೆ ಗೊತ್ತೇ ಆಗದ ಹಾಗೆ ಸರಳ ಕನ್ನಡಕ್ಕೆ ಜಾರಿ. ಕಥೆ ಶುರುವಿನಲ್ಲಿ ನಿಧಾನವಾಗುವ ಅಪಾಯ ಇದೆ, ಆದ್ದರಿಂದ ಆ ಎರಡು ಅಧ್ಯಾಯದಲ್ಲಿ ಓಟ, ಹಸಿವು, ಕತ್ತಲೆ ಇರಲೇಬೇಕು.

ಹಳ್ಳಿಯವರ ಕನ್ನಡದಿಂದ ಇವತ್ತಿನ ಪದ ಮಾತ್ರ ಹೆಕ್ಕಿ ತೆಗೆಯಿರಿ. ಟೆನ್ಷನ್, ಓಕೆ ಎಲ್ಲ ನೀವೇ ತೆಗೆದಿದ್ದೀರಿ, ಆದರೆ 'ಐದು ನಿಮಿಷ' ಉಳಿದುಕೊಂಡಿದೆ. ಅವರ ಹತ್ತಿರ ನಿಮಿಷ ತೋರಿಸುವ ಗಡಿಯಾರ ಇಲ್ಲ, ಹೊತ್ತು ಗೊತ್ತಾಗುವುದು ಚರ್ಚಿನ ಗಂಟೆಯಿಂದ. ಸ್ವಲ್ಪ ಹೊತ್ತು ಅನ್ನುವುದಕ್ಕೆ ಅವರು ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು ಅನ್ನುತ್ತಿದ್ದರು. ಹಾಗೇ, ಅಕ್ಕ 'ಇದು ಯಾವ ಇಸವಿ' ಅಂತ ಕೇಳಿದಾಗ '1348' ಅನ್ನುವ ಉತ್ತರ ಅಷ್ಟು ಸಲೀಸಾಗಿ ಬರಬಾರದು. ಎಡ್ವರ್ಡ್ ದೊರೆ ಪಟ್ಟಕ್ಕೆ ಬಂದ ಇಪ್ಪತ್ತೆರಡನೇ ವರ್ಷ ಅಂತ ಬರಬಹುದು. ಮೇಲಾಗಿ ಅಲ್ಲಿ ಹೊಸ ವರ್ಷ ಲೆಕ್ಕಕ್ಕೆ ಬರುತ್ತಿದ್ದುದು ಮಾರ್ಚ್ 25ಕ್ಕೆ. ಯಾವ ಎಡ್ವರ್ಡ್, ಎಲ್ಲಿಂದ ಎಣಿಸಬೇಕು ಅಂತ ಅಕ್ಕ ತಲೆ ಕೆರೆದುಕೊಳ್ಳಲಿ. ಓದುವ ಮಗುವೂ ಜೊತೆಗೆ ಕೆರೆದುಕೊಳ್ಳುತ್ತದೆ.

ಇನ್ನು ಪ್ಲೇಗ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಹಿಂದಿನದನ್ನು ಬದಲಾಯಿಸಬಹುದಾ ಅನ್ನುವ ಪ್ರಶ್ನೆಯೂ ಇದರೊಳಗೇ ಇದೆ. ಇಂಗ್ಲೆಂಡಿನಲ್ಲಿ ಮೂರರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರವರೆಗೆ ಸತ್ತರು ಅಂತ ಅಂದಾಜು. ಮಕ್ಕಳು ಸಾವನ್ನು ಓದಿ ಹೆದರುವುದಕ್ಕಿಂತ ಜಾಸ್ತಿ ಹೆದರುವುದು ದೊಡ್ಡವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತ ಗೊತ್ತಾದಾಗ. ಇದು ನನ್ನ ಅನುಭವ, ಎಲ್ಲ ಮಕ್ಕಳೂ ಹಾಗೇ ಅಂತ ಅಲ್ಲ. ನೀವು ಈಗ 1348 ಅಂತ ಇಸವಿ ಕೊಟ್ಟು, ಒಂಬತ್ತನೇ ಅಧ್ಯಾಯದಲ್ಲಿ 'ಊರಿಗೆ ಒಂದು ಜ್ವರ ಬಂತು, ಕೆಲವರಿಗೆ ಹುಷಾರಿರಲಿಲ್ಲ' ಅಂತ ಒಂದು ಸಾಲಿನಲ್ಲಿ ದಾಟಿಸಿದ್ದೀರಿ. ಇದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಗೊತ್ತಿರುವ ಮಗುವಿಗೆ ಮೋಸ ಅನ್ನಿಸುತ್ತದೆ, ಗೊತ್ತಿಲ್ಲದ ಮಗು ಆಮೇಲೆ ಬೇರೆ ಕಡೆ ಓದಿ ನಿಮ್ಮ ಮೇಲೆ ನಂಬಿಕೆ ಕಳೆದುಕೊಳ್ಳುತ್ತದೆ.

ಬೇಡ ಅನ್ನಿಸಿದರೆ ಇಸವಿಯನ್ನು 1340ಕ್ಕೆ ತನ್ನಿ. ಕೋಟೆ, ಕುದುರೆ, ಕೋಲಿನ ಲೆಕ್ಕ ಎಲ್ಲ ಹಾಗೇ ಇರುತ್ತದೆ, ರೋಗ ಇಲ್ಲ. ಹೊಸ ನಾಣ್ಯ ಮಾತ್ರ ಇರುವುದಿಲ್ಲ, ದೊರೆಯ ವರ್ಷದ ಲೆಕ್ಕವೂ ಬದಲಾಗುತ್ತದೆ, ಅಷ್ಟೇ. ಕಥೆ ಹಗುರವಾಗುತ್ತದೆ, ಸಾಹಸ ಬೇಕು ಅನ್ನುವವರಿಗೆ ಅದು ಸಾಕು. ಬೇಕು ಅಂದರೆ ಹಳ್ಳಿಯನ್ನು ಉತ್ತರಕ್ಕೆ ಎತ್ತಿಟ್ಟು, 1348ರ ಶರತ್ಕಾಲದಲ್ಲಿ ಕಥೆ ನಡೆಸಿ. ರೋಗ ಇನ್ನೂ ಬಂದಿಲ್ಲ, ಆದರೆ ಬರುತ್ತಿದೆ. ಅಕ್ಕನಿಗೆ ಗೊತ್ತು. ಹೇಳಬೇಕಾ? ಹೇಳಿದರೆ ಯಾರು ನಂಬುತ್ತಾರೆ? ನಂಬಿದರೂ, ಒಡೆಯನ ಅಪ್ಪಣೆ ಇಲ್ಲದೆ ಊರು ಬಿಡಲಾರದ ಜನ ಎಲ್ಲಿಗೆ ಹೋಗುತ್ತಾರೆ? ರೋಗದ ಒಂದು ಗಂಟನ್ನೂ ವರ್ಣಿಸದೆ ನೀವು ಪುಸ್ತಕಪೂರ್ತಿ ಆ ಭಾರ ಇಡಬಹುದು. ಇದರ ಅಪಾಯ, ಕೊನೆ ಬರೆಯುವುದು ಕಷ್ಟ.

ಬದಲಾಯಿಸುವ ನಿಯಮ ಏನೇ ಇರಲಿ, ಅದನ್ನು ಮೊದಲ ಕಾಲುಭಾಗದೊಳಗೆ ತೋರಿಸಿಬಿಡಿ, ಆಮೇಲೆ ಮುರಿಯಬೇಡಿ. ಎಲ್ಲವನ್ನೂ ಬದಲಾಯಿಸಬಹುದು ಅಂದರೆ 'ಹಾಗಾದರೆ ಎಲ್ಲರನ್ನೂ ಯಾಕೆ ಉಳಿಸಲಿಲ್ಲ' ಅಂತ ಓದುವ ಮಗು ಕೇಳೇ ಕೇಳುತ್ತದೆ. ಏನನ್ನೂ ಬದಲಾಯಿಸಲಾಗದು ಅಂದರೆ 'ಮತ್ತೆ ಹೋಗಿದ್ದು ಯಾಕೆ' ಅನ್ನುತ್ತದೆ. ಮೊದಲ ಪುಸ್ತಕ ಬರೆಯುವವರಿಗೆ ನಾನು ಹೇಳುವುದು ಎರಡನೆಯದರ ಒಂದು ರೂಪ: ಮಕ್ಕಳು ಮಾಡಿದ್ದೆಲ್ಲ ಮೊದಲಿಂದಲೂ ಆಗಿಹೋದದ್ದೇ, ಅವರು ಅಲ್ಲಿ ಯಾವಾಗಲೂ ಇದ್ದರು. ಬಾವಿಯ ಕಟ್ಟೆಯ ಮೇಲೆ ಒಂದನೇ ಅಧ್ಯಾಯದಲ್ಲಿ ತಮ್ಮ ಬೆರಳಾಡಿಸುವ ಗೀರುಗಳಿವೆಯಲ್ಲ, ಅವು ಯಾರು ಹಾಕಿದ್ದು ಅಂತ ನೀವು ಇನ್ನೂ ಹೇಳಿಲ್ಲ. ನಿಮಗೇ ಗೊತ್ತಿಲ್ಲದೆ ದಾರಿ ಮಾಡಿಟ್ಟುಕೊಂಡಿದ್ದೀರಿ.

ಓದಿಕೊಳ್ಳುವುದಕ್ಕೆ ಜಾಸ್ತಿ ಬೇಕಾಗಿಲ್ಲ, ನೋಡಿಕೊಳ್ಳಿ. 14ನೇ ಶತಮಾನದ ಮೊದಲರ್ಧದ ಲಟ್ರೆಲ್ ಸಾಲ್ಟರ್ ಅನ್ನುವ ಪ್ರಾರ್ಥನಾ ಗ್ರಂಥದ ಅಂಚುಗಳಲ್ಲಿ ಉಳುವವರು, ಕಾಳು ಬಡಿಯುವವರು, ಕುರಿ ಹಾಲು ಕರೆಯುವವರು ಎಲ್ಲ ಇದ್ದಾರೆ. ಒಬ್ಬ ಹುಡುಗ ಮರ ಹತ್ತಿ ಚೆರ್ರಿ ಕದಿಯುತ್ತಿದ್ದಾನೆ, ಕೆಳಗೆ ಒಬ್ಬ ದೊಣ್ಣೆ ಹಿಡಿದು ನಿಂತಿದ್ದಾನೆ. ಫ್ರಾನ್ಸಿನ ಗೆಡೆಲಾನ್‌ನಲ್ಲಿ 1997ರಿಂದ 13ನೇ ಶತಮಾನದ ವಿಧಾನದಲ್ಲೇ ಒಂದು ಕೋಟೆ ಕಟ್ಟುತ್ತಿದ್ದಾರೆ, ಅದರ ವಿಡಿಯೋ ನೋಡಿದರೆ ಕಲ್ಲೆತ್ತುವ ತುಳಿಚಕ್ರದ ಸದ್ದೂ ಸಿಗುತ್ತದೆ. ಅಷ್ಟು ಸಾಕು.

ಕೊನೆಯದಾಗಿ ಒಂದು ವಿಷಯ, ನಿಮ್ಮ ಗೆಳತಿಗೂ ಇದು ಕಂಡಿಲ್ಲ ಅನ್ನಿಸುತ್ತದೆ. ಆರನೇ ಅಧ್ಯಾಯದಲ್ಲಿ ತಮ್ಮನ ಕನ್ನಡಕ ಕಂದಕಕ್ಕೆ ಬೀಳುತ್ತದೆ. ಎಂಟನೇ ಅಧ್ಯಾಯದಲ್ಲಿ ಅದೇ ಹುಡುಗ ಗೋಪುರದ ತುದಿಯಲ್ಲಿರುವ ಕಾವಲುಗಾರನ ಮುಖ ಗುರುತು ಹಿಡಿಯುತ್ತಾನೆ! ಕನ್ನಡಕ ವಾಪಸ್ ಕೊಡಿಸಬೇಡಿ. ಯುರೋಪಿನಲ್ಲಿ ಕನ್ನಡಕ 13ನೇ ಶತಮಾನದ ಕೊನೆಗೇ ಬಂದಿತ್ತು, ಆದರೆ ವಯಸ್ಸಾದವರು ಓದಲು ಹಾಕಿಕೊಳ್ಳುವಂಥದ್ದು. ದೂರದ್ದು ಕಾಣದವರಿಗೆ ಬೇಕಾದ ಗಾಜು ಬಂದಿದ್ದು 15ನೇ ಶತಮಾನದಲ್ಲಿ. ಮಠದ ಆ ಮುದುಕ ಸನ್ಯಾಸಿಗೆ ನೀವು ಇನ್ನೂ ಏನೂ ಕೆಲಸ ಕೊಟ್ಟಿಲ್ಲವಲ್ಲ. ಅವನು ಹುಡುಗ ಕಣ್ಣು ಕಿರಿದು ಮಾಡಿ ನೋಡುವುದನ್ನು ಗಮನಿಸಿ, ತನ್ನ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಬಹಳ ಜೋಪಾನವಾಗಿ ಹುಡುಗನ ಮೂಗಿನ ಮೇಲೆ ಇಡಲಿ. ಎಲ್ಲ ಇನ್ನೂ ಮಸುಕಾಗಲಿ. ಮುದುಕ ಆಸೆಯಿಂದ ನೋಡುತ್ತಿದ್ದಾನೆ, 'ಈಗ ಕಾಣುತ್ತಾ?' ಹುಡುಗ ಏನು ಹೇಳುತ್ತಾನೆ ಅಂತ ನೀವು ಬರೆದು ಕಳಿಸಿ, ಮಿಕ್ಕಿದ್ದು ಆಮೇಲೆ ಮಾತಾಡೋಣ.